ಎಸಿ ಗ್ಯಾಸ್ ಟಾಪ್‌ಅಪ್: ಬ್ಯಾಚ್ ಗುಂಪಿನ ಜಟಾಪಟಿ

ಮಂಜು (ಫಾರ್ವರ್ಡ್): "ಬೇಸಿಗೆ ಆಫರ್! ಹಳೆ ಕಾರಿನ ಎಸಿ ತಣ್ಣಗಾಗ್ತಿಲ್ವಾ? ವರ್ಷಕ್ಕೊಮ್ಮೆ ಗ್ಯಾಸ್ ಟಾಪ್‌ಅಪ್ ಮಾಡಿಸಿ. 20 ನಿಮಿಷದಲ್ಲಿ ರೆಡಿ!"

ಮಂಜು: ಅಪ್ಪನ ಸ್ಯಾಂಟ್ರೋಗೆ ಮಾಡಿಸ್ಲಾ? ಸಿಗ್ನಲ್‌ನಲ್ಲಿ ಬಿಸಿಗಾಳಿ, ಹೈವೇಲಿ ಪರವಾಗಿಲ್ಲ.

ಶೈಲಾ: ಬೇಡ ಕಣೋ. ಗ್ಯಾಸ್ ಏನು ಪೆಟ್ರೋಲಾ, ಉರಿದು ಖಾಲಿಯಾಗೋಕೆ? ಓಡುವಾಗ ತಂಪು, ನಿಂತಾಗ ಬಿಸಿ ಅಂದ್ರೆ ಮೊದಲ ಅನುಮಾನ ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕೋ ಮುಂದಿನ ಜಾಲರಿ) ಫ್ಯಾನ್ ಮೇಲೆ. ಎಸಿ ಹಾಕಿ ಬಾನೆಟ್ ಎತ್ತು. ಕಂಪ್ರೆಸರ್ (ಗ್ಯಾಸ್ ಒತ್ತೋ ಪಂಪ್) ಕ್ಲಚ್ ಟಕ್ ಅಂತ ಕಚ್ಚಿದ ಮೇಲೂ ಫ್ಯಾನ್ ತಿರುಗದಿದ್ರೆ ಫ್ಯೂಸ್, ರಿಲೇ ನೋಡು. ಆಮೇಲೆ ಪ್ಲಗ್ ಬಿಚ್ಚಿ ಮೋಟರ್‌ಗೆ ನೇರ 12 ವೋಲ್ಟ್ ಕೊಡು. ತಿರುಗಿದ್ರೆ ತೊಂದರೆ ವೈರಿಂಗ್ ಕಡೆ, ಇಲ್ಲಾಂದ್ರೆ ಮೋಟರ್ ಹೋಗಿದೆ.

ನಾಗರಾಜ: ಫ್ಯಾನ್ ಸರಿ. ಆದ್ರೆ ಗ್ಯಾಸ್ ಕಡಿಮೆನೇ ಆಗಲ್ಲ ಅನ್ನೋ ಹಾಗೆ ಮಾತಾಡ್ಬೇಡ. ರಬ್ಬರ್ ಹೋಸ್, ಶಾಫ್ಟ್ ಸೀಲ್‌ನಿಂದ ಸ್ವಲ್ಪ ಸ್ವಲ್ಪ ಹೋಗೇ ಹೋಗುತ್ತೆ.

ಶೈಲಾ: ನಾಲ್ಕೈದು ವರ್ಷಕ್ಕೊಮ್ಮೆ ಅಂದ್ರೆ ಒಪ್ತೀನಿ. ವರ್ಷವರ್ಷ ಬೇಕು ಅಂದ್ರೆ ಅದು ಲೀಕ್. ಒಳಗೆಷ್ಟು ಉಳಿದಿದೆ ಅಂತ ಟಾಪ್‌ಅಪ್ ಮಾಡೋನಿಗೆ ಹೇಗೆ ಗೊತ್ತಾಗುತ್ತೆ?

ನಾಗರಾಜ: ಗೇಜ್ ಇದೆಯಲ್ಲ.

ಶೈಲಾ: ಎಂಜಿನ್ ಆಫ್ ಇದ್ದಾಗ 30 ಡಿಗ್ರಿಯಲ್ಲಿ ಎಸಿ ಗ್ಯಾಸ್ ಆರ್‌134ಎ ಒತ್ತಡ ಸುಮಾರು 97 ಪಿಎಸ್‌ಐ ತೋರಿಸುತ್ತೆ. ಒಳಗೆ 200 ಗ್ರಾಂ ಇದ್ರೂ ಅಷ್ಟೇ, 500 ಇದ್ರೂ ಅಷ್ಟೇ. ದ್ರವ ಉಳಿದಿರೋ ತನಕ ಒತ್ತಡ ನಿಂತಿರೋದು ತಾಪಮಾನದ ಮೇಲೆ, ತೂಕದ ಮೇಲಲ್ಲ.

ನಾಗರಾಜ: ಎಂಜಿನ್ ಆನ್ ಮಾಡಿ ನೋಡ್ತಾರಮ್ಮಾ. ಲೋ (ಕಂಪ್ರೆಸರ್ ಒಳಗೆ ಎಳೆಯೋ ಕಡೆ) 30-40, ಹೈ (ಹೊರಗೆ ತಳ್ಳೋ ಕಡೆ) 200-250 ಪಿಎಸ್‌ಐ ಇರ್ಬೇಕು. ಎರಡೂ ಇಳಿದಿದ್ರೆ ಗ್ಯಾಸ್ ಕಡಿಮೆ. ಲೋ ಏರಿ ಹೈ ಇಳಿದಿದ್ರೆ ಕಂಪ್ರೆಸರ್ ಸವೆದಿದೆ. ಲೋ ಸೊನ್ನೆಗಿಂತ ಕೆಳಗೆ ಹೋದ್ರೆ ಎಕ್ಸ್‌ಪಾನ್ಶನ್ ವಾಲ್ವ್ (ಗ್ಯಾಸ್ ಅಳತೆಯಾಗಿ ಬಿಡೋ ಕಿಂಡಿ) ಕಟ್ಟಿದೆ. ಎರಡೂ ಏರಿದ್ರೆ ಫ್ಯಾನ್ ಇಲ್ಲ, ಅಥವಾ ಗ್ಯಾಸ್ ಹೆಚ್ಚಾಗಿದೆ.

ಶೈಲಾ: ನೀನೇ ಹೇಳ್ದೆ ನೋಡು! ಫ್ಯಾನ್ ಸತ್ತು ಹೈ ಈಗಾಗಲೇ ಏರಿದ್ರೆ, ಮೇಲೆ ಇನ್ನೂ 100 ಗ್ರಾಂ ತುಂಬಿಸ್ಬೇಕಾ? ಪ್ರೆಶರ್ ಸ್ವಿಚ್ ಕಂಪ್ರೆಸರನ್ನ ಕಟ್ ಮಾಡಿದ್ರೆ ಪುಣ್ಯ. ಹಳೆ ಹೋಸ್ ಬಿರಿದ್ರೆ ಯಾರು ಕೊಡ್ತಾರೆ?

ನಾಗರಾಜ: ಆ ಆಫರ್ ಒಳ್ಳೇದು ಅಂತ ನಾನೆಲ್ಲಿ ಹೇಳ್ದೆ?

ರವಿ: ಗ್ಯಾಸ್ ನಿಜವಾಗ್ಲೂ ಕಡಿಮೆ ಇದ್ರೆ ಕ್ರಮ ಹೀಗೆ. ಉಳಿದದ್ದನ್ನ ಮಷೀನ್‌ಗೆ ಎಳೆದು ತೂಗ್ಬೇಕು. ಒಣ ನೈಟ್ರೋಜನ್ 150 ಪಿಎಸ್‌ಐ ತುಂಬಿ ಜಾಯಿಂಟ್‌ಗಳಿಗೆ ಸೋಪ್ ನೀರು ಹಾಕ್ಬೇಕು. ಆಕ್ಸಿಜನ್ ಮಾತ್ರ ಬೇಡವೇ ಬೇಡ, ಎಣ್ಣೆ ಸೇರಿದ್ರೆ ಸ್ಫೋಟ ಆಗುತ್ತೆ. ಹೊರಗೆಲ್ಲೂ ಗುಳ್ಳೆ ಬರದಿದ್ರೆ ಡ್ಯಾಶ್‌ಬೋರ್ಡ್ ಒಳಗಿನ ಇವಾಪರೇಟರ್ (ಗಾಳಿ ತಂಪು ಮಾಡೋ ಕಾಯಿಲ್) ಮೇಲೆ ಅನುಮಾನ. ಲೀಕ್ ಮುಚ್ಚಿದ ಮೇಲೆ ಕನಿಷ್ಠ 30 ನಿಮಿಷ ವ್ಯಾಕ್ಯೂಮ್, ಪಂಪ್ ನಿಲ್ಲಿಸಿ ಗೇಜ್ ಮುಳ್ಳು ಏರುತ್ತಾ ಅಂತ ಕಾಯೋದು, ಏರಿದ್ರೆ ಲೀಕ್ ಇನ್ನೂ ಇರಬಹುದು. ಕೊನೇಲಿ ಬಾನೆಟ್ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ, ತೂಕ ಮಾಡಿ. ಇದೆಲ್ಲ 20 ನಿಮಿಷದಲ್ಲಿ ಆಗಲ್ಲ ಮಾರಾಯಾ.

ನಾಗರಾಜ: ರವಿ, ನೀನು ಎಣ್ಣೆ ಮರೆತೆ. ಕಂಡೆನ್ಸರ್ ಬದಲಾಯಿಸಿದ್ರೆ ಅದರ ಜೊತೆ ಹೋದಷ್ಟು ಪಿಎಜಿ ಎಣ್ಣೆ (ಕಂಪ್ರೆಸರ್ ಎಣ್ಣೆ) ಮತ್ತೆ ಹಾಕ್ಬೇಕು. ರಿಸೀವರ್ ಡ್ರೈಯರ್ (ತೇವ ಹೀರೋ ಡಬ್ಬಿ) ಕೂಡ ಹೊಸದು.

ಮಂಜು: ಫ್ಯಾನ್ ತಿರುಗ್ತಿದೆ ಕಣ್ರೋ. ಆದ್ರೆ ನಿಧಾನ.

ನಾಗರಾಜ: ನೋಡ್ದ್ಯಾ ಶೈಲಾ?

ಶೈಲಾ: ನಿಧಾನ ಅಂದ್ರೂ ಫ್ಯಾನೇ ತಾನೇ? ಮಂಜು, ಗ್ರಿಲ್ ಮುಂದೆ ಒಂದು ಕಾಗದ ಹಿಡಿ, ಕಂಡೆನ್ಸರ್‌ಗೆ ಅಂಟ್ಕೋಬೇಕು. ಅಂಟದಿದ್ರೆ ಫ್ಯಾನ್ ತಿರುಗುವಾಗಲೇ ಪ್ಲಗ್‌ನಲ್ಲಿ ವೋಲ್ಟೇಜ್ ಅಳೆದು ಹೇಳು. 10ಕ್ಕಿಂತ ಕಡಿಮೆ ಬಂದ್ರೆ ಅರ್ತ್ ವೈರ್ ತುಕ್ಕು ಕೆರೆದು ನೋಡು.