ಕ್ಲಸ್ಟರ್ ತಲೆನೋವಿಗೆ ಲಿಥಿಯಂ ತಗೊಂಡವರು ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಕ್ಲಸ್ಟರ್ ತಲೆನೋವು, ಅಂದ್ರೆ ಒಂದೇ ಕಣ್ಣಿನ ಸುತ್ತ ಪದೇ ಪದೇ ಬರೋ ವಿಪರೀತ ನೋವು. ಮೈಗ್ರೇನ್ ಇರೋರು ಕತ್ತಲೆ ಕೋಣೆಯಲ್ಲಿ ಮಲಗ್ತಾರೆ, ಇವರಿಗೆ ಕೂರೋಕೂ ಆಗಲ್ಲ. ರಾತ್ರಿ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೇ ಎದ್ದು, ಬಲಗಣ್ಣಲ್ಲಿ ನೀರು ಸುರೀತಾ, ಹಣೆ ಒತ್ತಿ ಹಿಡ್ಕೊಂಡು ಹಾಲ್‌ನಲ್ಲಿ ಓಡಾಡ್ತಾರೆ. ನೋಡೋಕಾಗಲ್ಲ.

ನೋವು ಬಂದಾಗ ಮಾಸ್ಕ್ ಹಾಕಿ ನಿಮಿಷಕ್ಕೆ 12 ಲೀಟರ್ ಆಕ್ಸಿಜನ್ ಕೊಡ್ತೀವಿ, ಅದು ಕೆಲಸ ಮಾಡುತ್ತೆ. ತೊಂದರೆ ಇರೋದು ನೋವು ಬರದ ಹಾಗೆ ತಡೆಯೋ ಮಾತ್ರೆಯಲ್ಲಿ. ಮೊದಲು ಕೊಟ್ಟ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್‌ಗೆ ನಿಂತಿತ್ತು, ಡೋಸ್ ಇಳಿಸ್ತಿದ್ದಂಗೆ ವಾಪಸ್ ಬಂತು. ಆಮೇಲೆ ವೆರಪಾಮಿಲ್ ಅನ್ನೋ ಬಿಪಿ-ಹೃದಯದ ಮಾತ್ರೆ ದಿನಕ್ಕೆ 240 ಮಿ.ಗ್ರಾಂನಿಂದ 360ಕ್ಕೆ ಏರಿಸಿದ್ರು, ಇಸಿಜಿ ನೋಡ್ಕೊಂಡೇ. ಕಮ್ಮಿಯಾಯ್ತು, ಪೂರ್ತಿ ನಿಂತಿಲ್ಲ. ಈಗ ಇಸಿಜಿಯಲ್ಲಿ ಪಿಆರ್ ಇಂಟರ್ವಲ್ (ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಮಿಡಿತದ ಸಂಕೇತ ತಲುಪೋ ಸಮಯ) ಜಾಸ್ತಿ ಬಂದಿದೆ, ಇನ್ನು ಏರಿಸೋ ಹಾಗಿಲ್ಲ, ಥೈರಾಯ್ಡ್ ಮತ್ತು ಕಿಡ್ನಿ ಟೆಸ್ಟ್ ಮಾಡಿಸ್ಕೊಂಡು ಬನ್ನಿ, ಲಿಥಿಯಂ ಶುರು ಮಾಡೋಣ ಅಂದಿದ್ದಾರೆ ಡಾಕ್ಟರ್.

ಮೈಯಲ್ಲಿ ನೀರಿನಂಶ ಕಮ್ಮಿಯಾದ್ರೆ ರಕ್ತದಲ್ಲಿ ಲಿಥಿಯಂ ಏರುತ್ತೆ, ಜಾಸ್ತಿಯಾದ್ರೆ ಮೈಗೆ ವಿಷ. ಇವರದ್ದು ಬಳ್ಳಾರಿ ಬಿಸಿಲಲ್ಲಿ ಸೈಟ್ ಕೆಲಸ. ನನಗೆ ಗಾಬರಿ ಆಗಿರೋದು ಅದಕ್ಕೇ.

ಬಿಸಿಲಲ್ಲಿ ದುಡೀತಾ ಲಿಥಿಯಂ ತಗೊಂಡವರು ಯಾರಾದ್ರೂ ಇದ್ರೆ ಹೇಳಿ: ರಕ್ತ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡಿಸಿದ್ರಿ? ಶುರು ಮಾಡೋ ಮುಂಚೆ ಡಾಕ್ಟರ್ ಹತ್ರ ನಾವು ಏನೇನು ಕೇಳ್ಬೇಕು?