ಮೈಲೇಜ್ ಪ್ರಶ್ನೋತ್ತರ: ತುಮಕೂರು ಗಾಡಿ ಗುಂಪು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ನೂರು ದಾಟಿ ವರ್ಷಗಳಾದವು, ಗುಂಪಿನಲ್ಲಿ ದಿನವೂ ಮೈಲೇಜ್ ಗೋಳು. ಅಂತರಸನಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಮೆಕ್ಯಾನಿಕ್ ಅಣ್ಣ ಇವತ್ತು ಅಂಗಡಿ ಮುಚ್ಚಿದ ಮೇಲೆ ಉತ್ತರ ಕೊಡಲು ಒಪ್ಪಿದ್ದಾರೆ. ಗಾಡಿ ಯಾವುದು, ಎಷ್ಟು ಹಳೆಯದು, ಎಷ್ಟು ಕೊಡುತ್ತಿದೆ ಅಂತ ಬರೆದು ಕೇಳಿ. ಫಾರ್ವರ್ಡ್ ಬೇಡ, ರಾಜಕೀಯ ಬೇಡ.

ಬಟವಾಡಿ ಸ್ಕೂಟರ್: ಅಣ್ಣ, 2021ರ ಸ್ಕೂಟರ್. ಮೊದಲು 48 ಕೊಡುತ್ತಿತ್ತು, ಈಗ 40 ದಾಟುತ್ತಿಲ್ಲ. ಎಥನಾಲ್ ಬೆರೆಸುತ್ತಾರಲ್ಲ, ಅದೇ ಕಾರಣ ಅಲ್ವಾ?

ಮೆಕ್ಯಾನಿಕ್: ಸ್ವಲ್ಪ ಎಥನಾಲ್, ಉಳಿದದ್ದು ನಿಮ್ಮ ಗಾಡಿ. ಎಥನಾಲ್‌ಗೆ ಪೆಟ್ರೋಲ್‌ಗಿಂತ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನೂರರಲ್ಲಿ 20 ಪಾಲು ಬೆರೆಸಿದರೆ 6-7 ಪಾಲು ಹೋಗುತ್ತದೆ. ಆದರೆ ಮೊದಲೇನು ನೀವು ಶುದ್ಧ ಪೆಟ್ರೋಲ್ ಹಾಕಿಸುತ್ತಿದ್ದಿರಾ? ಆಗಲೂ ಸುಮಾರು 10 ಪಾಲು ಎಥನಾಲ್ ಇತ್ತು. ಹಾಗಾಗಿ 48 ಇದ್ದದ್ದು 46ಕ್ಕೆ ಇಳಿದರೆ ಎಥನಾಲ್‌ನ ಬೈಯಿರಿ, 40ಕ್ಕೆ ಇಳಿದರೆ ಗಾಡಿ ಬಿಚ್ಚಿಸಿ. ಸ್ಕೂಟರ್‌ನಲ್ಲಿ ಮೊದಲು ಟಯರ್ ಗಾಳಿ, ಆಮೇಲೆ ಏರ್ ಫಿಲ್ಟರ್, ಆಮೇಲೆ ಬೆಲ್ಟು ಮತ್ತು ರೋಲರ್. ರೋಲರ್ ಒಂದು ಕಡೆ ಚಪ್ಪಟೆಯಾಗಿ ಸವೆದರೆ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಹಿಂದಿನ ಬ್ರೇಕ್ ಜಾಸ್ತಿ ಟೈಟ್ ಮಾಡಿಸಿಕೊಂಡಿರುವವರೂ ತುಂಬಾ ಜನ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇರುವಾಗ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ.

ಕ್ಯಾತ್ಸಂದ್ರ: ಅಣ್ಣಾ, ಇದು ನಿಜಾನಾ? ಫ್ಯಾಮಿಲಿ ಗುಂಪಿನಲ್ಲಿ ಬಂದಿತ್ತು. "ಬೆಳಗಿನ ಜಾವ ಮಾತ್ರ ಪೆಟ್ರೋಲ್ ಹಾಕಿಸಿ, ಆಗ ತಂಪಿಗೆ ಗಟ್ಟಿಯಾಗಿರುತ್ತದೆ, ಲೀಟರಿಗೆ ಜಾಸ್ತಿ ಬರುತ್ತದೆ. 100ಕ್ಕೆ ಬೇಡ, 110ಕ್ಕೆ ಹಾಕಿಸಿ. ಎಲ್ಲರಿಗೂ ಕಳಿಸಿ."

ಮೆಕ್ಯಾನಿಕ್: ಪೆಟ್ರೋಲ್ ಬಿಸಿಗೆ ಹಿಗ್ಗುವುದು ನಿಜ. 10 ಡಿಗ್ರಿ ಏರಿದರೆ ನೂರಕ್ಕೆ ಸುಮಾರು ಒಂದು ಪಾಲು. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದೊಳಗೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಅಷ್ಟು ವ್ಯತ್ಯಾಸ ಆಗುವುದಿಲ್ಲ. ಅಳತೆ ಮೇಲೆ ಅನುಮಾನ ಇದ್ದರೆ 5 ಲೀಟರ್ ಅಳತೆ ಪಾತ್ರೆ ತರಿಸಿ, ಅದರಲ್ಲಿ ಹಿಡಿದು ತೋರಿಸಿ ಅಂತ ಕೇಳಿ. ತೂಕ ಅಳತೆ ಇಲಾಖೆ ಮುದ್ರೆ ಒತ್ತಿದ ಪಾತ್ರೆ ಬಂಕಿನಲ್ಲಿ ಇರಲೇಬೇಕು, ಕೇಳುವುದು ನಿಮ್ಮ ಹಕ್ಕು. 110 ರೂಪಾಯಿ ಕಥೆ ಬಿಡಿ.

ತಿಪಟೂರು ಕೊಬ್ಬರಿ ಗಾಡಿ: ಸಾರ್ ನಮಸ್ಕಾರ. ಡೀಸೆಲ್ ಪಿಕಪ್, ಆರು ವರ್ಷ ಆಯಿತು. ಲೋಡಿನಲ್ಲಿ 13 ಬರುತ್ತಿದ್ದದ್ದು ಈಗ 10. ಬ್ರೇಕ್ ಲೈನರ್ ಹೊಸದು ಹಾಕಿಸಿದ ಮೇಲೆ ಶುರುವಾಯಿತು. ಹೊಗೆ ಇಲ್ಲ. ಎಳೆಯುವ ಶಕ್ತಿ ಸ್ವಲ್ಪ ಕಡಿಮೆ ಅನಿಸುತ್ತದೆ.

ಮೆಕ್ಯಾನಿಕ್: ಉತ್ತರ ನೀವೇ ಬರೆದಿದ್ದೀರಿ. ಬ್ರೇಕ್ ಹಿಡಿದುಕೊಂಡಿದೆ. ತಿಪಟೂರಿಂದ ಕೆ.ಬಿ. ಕ್ರಾಸ್‌ವರೆಗೆ ಬ್ರೇಕ್ ಆದಷ್ಟು ಕಡಿಮೆ ಒತ್ತಿ ಓಡಿಸಿ, ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ತನ್ನಿ. ಮುಟ್ಟಬೇಡಿ, ಸುಟ್ಟುಕೊಳ್ಳುತ್ತೀರಿ. ಒಂದು ಮಾತ್ರ ಬಿಸಿ ಹೊಡೆಯುತ್ತಿದ್ದರೆ ಅಲ್ಲೇ ತೊಂದರೆ. ಜಾಕ್ ಕೊಟ್ಟು ಆ ಚಕ್ರ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತದೆ. ಬ್ರೇಕ್ ಸಿಲಿಂಡರ್ ಪಿಸ್ಟನ್ ವಾಪಸ್ ಹೋಗದೆ ಅಂಟಿಕೊಂಡಿರಬಹುದು, ಹ್ಯಾಂಡ್ ಬ್ರೇಕ್ ಕೇಬಲ್ ಜಾಸ್ತಿ ಎಳೆದಿರಬಹುದು. ಬೇಗ ಮಾಡಿಸಿ. ಡ್ರಮ್ ಕಾದರೆ ಘಾಟಿನಲ್ಲಿ ಬ್ರೇಕೇ ಹಿಡಿಯುವುದಿಲ್ಲ.

ಶೆಟ್ಟಿಹಳ್ಳಿ ಬೈಕ್: ಅಣ್ಣ ಟಯರಿಗೆ ಗಾಳಿ ಎಷ್ಟು ಹಾಕಿಸಬೇಕು?

ಮೆಕ್ಯಾನಿಕ್: ಚೈನ್ ಕವರ್ ಮೇಲೆ ಅಥವಾ ಅದರ ಹತ್ತಿರ ಸ್ಟಿಕ್ಕರ್ ಇದೆ. ಅದರಲ್ಲಿ ಇರುವಷ್ಟು.

ಕೊರಟಗೆರೆ ತೋಟ: ಅಣ್ಣ ನಂದು 2012ರ 100 ಸಿಸಿ ಬೈಕ್. 65 ಕೊಡುತ್ತಿದ್ದ ಗಾಡಿ ಈಗ 45. ಆದರೆ ಎಂಜಿನ್ ಗಟ್ಟಿ ಇದೆ, ಆಯಿಲ್ ಒಂದು ಚೂರೂ ಕುಡಿಯುವುದಿಲ್ಲ. ಮೊನ್ನೆ ನೋಡಿದಾಗ ಗೆರೆಗಿಂತ ಮೇಲೆಯೇ ಇತ್ತು. ಏರ್ ಫಿಲ್ಟರ್ ಬದಲಾಯಿಸಿದರೆ ಸಾಕಾ?

ಮೆಕ್ಯಾನಿಕ್: ಒಂದು ನಿಮಿಷ. ನಡುವೆ ಆಯಿಲ್ ಹಾಕಿಸಿದ್ದೀರಾ? ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಬೆಳಿಗ್ಗೆ ಎದ್ದಾಗ ಪೆಟ್ರೋಲ್ ವಾಸನೆ ಇರುತ್ತದಾ?

ಕೊರಟಗೆರೆ ತೋಟ: ಹಾಕಿಸಿಲ್ಲ ಅಣ್ಣ. ಪಡಸಾಲೆಯಲ್ಲೇ ನಿಲ್ಲಿಸುವುದು, ಹೊರಗೆ ಬಿಟ್ಟರೆ ಪೆಟ್ರೋಲ್ ಕದಿಯುತ್ತಾರೆ. ವಾಸನೆ ಇರುತ್ತದೆ. ಹಳೆ ಗಾಡಿ ಅಲ್ವಾ.

ಮೆಕ್ಯಾನಿಕ್: ಈಗಲೇ ಎದ್ದು ಟ್ಯಾಂಕಿನ ಕೆಳಗಿನ ನಲ್ಲಿ, ಅಂದರೆ ಪೆಟ್ರೋಲ್ ಕಾಕ್ ಆಫ್ ಮಾಡಿ, ಗಾಡಿ ತಳ್ಳಿಕೊಂಡು ಅಂಗಳಕ್ಕೆ ತನ್ನಿ. ಸ್ಟಾರ್ಟ್ ಮಾಡಬೇಡಿ, ಕಿಕ್ಕರ್ ಮುಟ್ಟಬೇಡಿ. ಬಾಗಿಲು ಕಿಟಕಿ ತೆಗೆಯಿರಿ. ಮಾಡಿ ಬಂದ ಮೇಲೆ ಉಳಿದದ್ದು ಓದಿ.

ಎಂಜಿನ್ ಆಯಿಲ್ ತಾನಾಗಿ ಯಾವತ್ತೂ ಏರುವುದಿಲ್ಲ. ಏರಿದೆ ಅಂದರೆ ಏನೋ ಸೇರಿದೆ, ನಿಮ್ಮದರಲ್ಲಿ ಪೆಟ್ರೋಲ್ ಸೇರಿರುವ ಹಾಗಿದೆ. ಕಾರ್ಬೊರೇಟರ್ ಒಳಗೆ ಒಂದು ಚಿಕ್ಕ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತದೆ. ಬಟ್ಟಲು ತುಂಬಿದಾಗ ಫ್ಲೋಟ್ ಮೇಲೆದ್ದು ಒಂದು ಪಿನ್ನನ್ನು ಒತ್ತಿ ಪೆಟ್ರೋಲ್ ದಾರಿ ಮುಚ್ಚಬೇಕು. ಆ ಪಿನ್ನಿನ ತುದಿ ಸವೆದಿದ್ದರೆ, ಇಲ್ಲ ಅದರ ಕೆಳಗೆ ಕಸ ಕೂತಿದ್ದರೆ, ದಾರಿ ಪೂರ್ತಿ ಮುಚ್ಚುವುದಿಲ್ಲ. ಕಾಕ್ ತೆರೆದಿದ್ದರೆ ರಾತ್ರಿಯೆಲ್ಲ ಟ್ಯಾಂಕಿನಿಂದ ಹನಿ ಹನಿ ಇಳಿಯುತ್ತಲೇ ಇರುತ್ತದೆ. ಹೆಚ್ಚಾದದ್ದು ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಬೀಳಬೇಕು. ನಿಮ್ಮ ಆ ಪೈಪು ಕಟ್ಟಿಕೊಂಡಿರಬೇಕು. ತೋಟದ ಕಡೆ ಗಾಡಿಗಳಲ್ಲಿ ಕಡಜ ಅದರೊಳಗೆ ಮಣ್ಣಿನ ಗೂಡು ಕಟ್ಟಿರುವುದನ್ನು ನಾನು ಕಡ್ಡಿ ಹಾಕಿ ತೆಗೆದಿದ್ದೇನೆ. ನೆಲಕ್ಕೆ ಬೀಳಲು ದಾರಿ ಇಲ್ಲದಿದ್ದಾಗ ಪೆಟ್ರೋಲ್ ಎಂಜಿನ್ ಕಡೆ ಹರಿದು, ಪಿಸ್ಟನ್ ರಿಂಗ್ ಸಂದಿನಲ್ಲಿ ಇಳಿದು ಆಯಿಲ್‌ಗೆ ಸೇರುತ್ತದೆ. ನಿಮ್ಮ ಮೈಲೇಜ್ ಹೋದದ್ದು ಅಲ್ಲಿಗೆ. ರಸ್ತೆಯಲ್ಲಿ ಉರಿದೇ ಇಲ್ಲ.

ಈಗ ಆ ಆಯಿಲ್ ನೀರು ಮಜ್ಜಿಗೆ ಥರ ಆಗಿರುತ್ತದೆ. ಅದರಲ್ಲೇ ಓಡಿಸಿದರೆ ಪಿಸ್ಟನ್, ಕ್ಯಾಮ್, ಬೇರಿಂಗ್ ಎಲ್ಲ ಸವೆಯುತ್ತವೆ, ಎಂಜಿನ್ ಬಿಚ್ಚಿ ಬೋರ್ ಕೆಲಸ ಮಾಡಿಸಬೇಕಾಗುತ್ತದೆ. ಅದು ದುಡ್ಡಿನ ಮಾತು, ಹೋಗಲಿ. ನನಗೆ ಭಯ ಇರುವುದು ಪಡಸಾಲೆಯದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿಕೊಂಡು ಹೋಗುತ್ತದೆ. ಬೆಳಿಗ್ಗೆ ದೇವರ ದೀಪ ಹಚ್ಚುತ್ತೀರಿ, ಒಲೆ ಹಚ್ಚುತ್ತೀರಿ, ಫ್ರಿಜ್ ತಾನಾಗಿ ಆನ್ ಆಗುತ್ತದೆ. ಕಿಡಿ ಯಾವುದಾದರೂ ಸಾಕು.

ನಾಳೆ ಮೆಕ್ಯಾನಿಕ್‌ನನ್ನು ನಿಮ್ಮ ಮನೆ ಹತ್ತಿರವೇ ಕರೆಸಿ, ಓಡಿಸಿಕೊಂಡು ಹೋಗಬೇಡಿ. ಫ್ಲೋಟ್ ಪಿನ್, ಅದು ಕೂರುವ ಸೀಟು, ಓವರ್‌ಫ್ಲೋ ಪೈಪು ಮೂರನ್ನೂ ಹೆಸರು ಹೇಳಿ ನೋಡಿಸಿ. ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿಸಿ, ಆದರೆ ಪಿನ್ ಸರಿಯಾದ ಮೇಲೆ ಮಾತ್ರ. ಮೊದಲೇ ಹಾಕಿಸಿದರೆ ಅದೂ ಹಾಳು.

ಶಿರಾ ಗೇಟ್ ಅಂಗಡಿ: ಗಾಡಿ ರಿಪೇರಿ ಆಯಿತು, ರೇಟಿನ ಬಗ್ಗೆ ಯಾರೂ ಮಾತಾಡಬಾರದಾ? 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ. 25.92ರಿಂದ ಶೇ. 29.84ಕ್ಕೆ ಏರಿಸಿ ಒಂದೇ ರಾತ್ರಿಗೆ 3 ರೂಪಾಯಿ ಏರಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ ಮತ್ತೆ 2 ರೂಪಾಯಿ.

ಗುಬ್ಬಿ ಮೇಷ್ಟ್ರು: ಅರ್ಧ ಲೆಕ್ಕ ಹೇಳಬೇಡಿ. 2020ರ ಮೇನಲ್ಲಿ ಕಚ್ಚಾ ತೈಲ ನೆಲ ಕಚ್ಚಿದ್ದಾಗ ಕೇಂದ್ರ ಸರ್ಕಾರ ಪೆಟ್ರೋಲ್‌ಗೆ 10, ಡೀಸೆಲ್‌ಗೆ 13 ರೂಪಾಯಿ ಸುಂಕ ಹಾಕಿತಲ್ಲ, ಅದನ್ನೂ ಹೇಳಿ.

ಶಿರಾ ಗೇಟ್ ಅಂಗಡಿ: 2021ರ ನವೆಂಬರ್‌ನಲ್ಲಿ 5 ಮತ್ತು 10, 2022ರ ಮೇನಲ್ಲಿ 8 ಮತ್ತು 6 ಇಳಿಸಿದ್ದನ್ನು ನೀವು ಯಾಕೆ ನುಂಗಿದಿರಿ ಮೇಷ್ಟ್ರೇ?

ಗುಬ್ಬಿ ಮೇಷ್ಟ್ರು: ಏರಿಸಿದವರೇ ಇಳಿಸಿದರೆ ಅದಕ್ಕೆ ಹಾರ ಹಾಕಬೇಕಾ?

ಪಾವಗಡ: ನಿಮ್ಮಿಬ್ಬರ ಜಗಳ ಚೆನ್ನಾಗಿದೆ. ಇಲ್ಲಿ ಗಡಿಯಾಚೆ ಆಂಧ್ರದವರು ನಮ್ಮ ಕಡೆಗೆ ಬಂದು ಹಾಕಿಸಿಕೊಂಡು ಹೋಗುತ್ತಾರೆ, ಅವರಿಗೆ ನಮ್ಮದೇ ಅಗ್ಗ.

ಶಿರಾ ಗೇಟ್ ಅಂಗಡಿ: ಅಂದರೆ ನಾವು ಖುಷಿಪಡಬೇಕಾ?

ಅಡ್ಮಿನ್: ರಾಜಕೀಯ ಬೇಡ ಅಂತ ಮೊದಲೇ ಹೇಳಿದ್ದೆ.

ಊರುಕೆರೆ ಆಟೋ: ಅಣ್ಣ ಆಟೋಗೆ ಸಿಎನ್‌ಜಿ ಮಾಡಿಸಿದರೆ ಎಷ್ಟು ತಿಂಗಳಲ್ಲಿ ದುಡ್ಡು ವಾಪಸ್ ಬರುತ್ತದೆ? ದಿನಕ್ಕೆ 90 ಕಿಲೋಮೀಟರ್ ಓಡುತ್ತದೆ.

ಮಧುಗಿರಿ ಕಾರು: ಪೆಟ್ರೋಲ್ ಟ್ಯಾಂಕಿಗೆ ನುಸಿಗುಳಿಗೆ ಹಾಕಿದರೆ ಮೈಲೇಜ್ ಏರುತ್ತದಂತೆ. ವಿಡಿಯೋ ಕಳಿಸಲಾ?

ಮೆಕ್ಯಾನಿಕ್: ಬೇಡ. ಗುಳಿಗೆಗಳಲ್ಲೇ ಎರಡು ಮೂರು ಥರ ಇವೆ, ನಿಮಗೆ ಸಿಗುವುದು ಯಾವುದೋ. ಪೂರ್ತಿ ಕರಗದೆ ಉಳಿದದ್ದು ಫಿಲ್ಟರ್‌ನಲ್ಲಿ, ಇಂಜೆಕ್ಟರ್‌ನಲ್ಲಿ ಕೂರುತ್ತದೆ. ಸೀಮೆಎಣ್ಣೆ, ಅಸಿಟೋನ್, ಪೈಪಿಗೆ ಅಯಸ್ಕಾಂತ, ನೀರಿನಿಂದ ಹೈಡ್ರೋಜನ್ ಮಾಡುವ ಡಬ್ಬಿ, ಎಲ್ಲಕ್ಕೂ ಇದೇ ಉತ್ತರ. ಕೇಳಬೇಡಿ. ಮನೆ ಅಡುಗೆ ಸಿಲಿಂಡರ್ ಕಾರಿಗೆ ಹಾಕುವವರು ನನ್ನ ಗ್ಯಾರೇಜಿಗೆ ಬರಲೇಬೇಡಿ.

ಮಧುಗಿರಿ ಕಾರು: ವಿಡಿಯೋದಲ್ಲಿ ಎಂಜಿನಿಯರ್ ಒಬ್ಬರೇ ಹೇಳಿದ್ದಾರೆ ಸಾರ್.

ಮೆಕ್ಯಾನಿಕ್: ಹಾಗಾದರೆ ಇಂಜೆಕ್ಟರ್ ಬಿಲ್ಲನ್ನೂ ಅವರಿಗೇ ಕಳಿಸಿ.

ಶೆಟ್ಟಿಹಳ್ಳಿ ಬೈಕ್: ಸ್ಟಿಕ್ಕರ್ ಕಿತ್ತು ಹೋಗಿದೆ ಅಣ್ಣ, ಎಷ್ಟು ಗಾಳಿ ಅಂತ ಹೇಳಿಬಿಡಿ.

ಮೆಕ್ಯಾನಿಕ್: ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇದೆ. ಯಾವ ಗಾಡಿ ಅಂತ ನೀವು ಇನ್ನೂ ಹೇಳಿಲ್ಲ.

ಕಾಲೇಜ್ ಹುಡುಗ: ಅಣ್ಣ, ದೇವರಾಯನದುರ್ಗದಿಂದ ಇಳಿಯುವಾಗ ನಾವು ನ್ಯೂಟ್ರಲ್ ಮಾಡಿ ಬರುತ್ತೇವೆ, ಕೆಲವರು ಎಂಜಿನ್ನೇ ಆಫ್ ಮಾಡುತ್ತಾರೆ. ಹನಿ ಪೆಟ್ರೋಲ್ ಖರ್ಚಿಲ್ಲ.

ಮೆಕ್ಯಾನಿಕ್: ಖರ್ಚಿಲ್ಲ ಅನ್ನುವುದು ತಪ್ಪು. 2020ರ ಏಪ್ರಿಲ್ ಆದ ಮೇಲೆ ಬಂದ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಬೈಕುಗಳು ಹೆಚ್ಚುಕಮ್ಮಿ ಎಲ್ಲವೂ ಇಂಜೆಕ್ಷನ್. ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಳಿಜಾರಿನಲ್ಲಿ ಅದು ತಾನಾಗಿ ಪೆಟ್ರೋಲ್ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದ ಕೂಡಲೇ ಎಂಜಿನ್ ಆರದಿರಲಿ ಅಂತ ಮತ್ತೆ ಪೆಟ್ರೋಲ್ ಬಿಡುತ್ತದೆ. ಅಂದರೆ ಬುದ್ಧಿವಂತಿಕೆ ಮಾಡಿ ಜಾಸ್ತಿ ಸುಡುತ್ತಿದ್ದೀರಿ. ಎಂಜಿನ್ ಆಫ್ ಮಾಡಿದರೆ ಹಿಡಿತವೆಲ್ಲ ಬ್ರೇಕ್ ಮೇಲೆ, ಆ ತಿರುವುಗಳಲ್ಲಿ ಅದು ಕಾದು ಕೈಕೊಟ್ಟರೆ ಪಕ್ಕದಲ್ಲಿ ಕಾಡು. ಕಾರಿನವರಿಗೆ ಇನ್ನೂ ಕಷ್ಟ, ಬ್ರೇಕ್ ಪೆಡಲ್ ಎರಡು ಸಲ ಒತ್ತುವಷ್ಟರಲ್ಲಿ ಗಟ್ಟಿಯಾಗುತ್ತದೆ, ಸ್ಟೀರಿಂಗೂ ಗಟ್ಟಿ.

ಕಾಲೇಜ್ ಹುಡುಗ: ನಮಗೇನೂ ಆಗಿಲ್ಲ ಅಣ್ಣ ಇಷ್ಟು ದಿನ.

ಗುಬ್ಬಿ ಮೇಷ್ಟ್ರು: ನಿಮ್ಮಪ್ಪ ಈ ಗುಂಪಿನಲ್ಲಿ ಇದ್ದಾರೆ ಅನ್ನುವುದು ಗೊತ್ತಾ?

ಸಿದ್ಧಗಂಗಾ ರೋಡ್: ಎಲ್ಲರೂ ಎಲೆಕ್ಟ್ರಿಕ್ ತಗೊಳ್ಳಿ, ಸಮಸ್ಯೆಯೇ ಮುಗಿಯಿತು. ನಾನು ಬಂಕಿನ ಮುಖ ನೋಡಿ ವರ್ಷ ಆಯಿತು.

ತಿಪಟೂರು ಕೊಬ್ಬರಿ ಗಾಡಿ: ಒಂದೂವರೆ ಟನ್ ಕೊಬ್ಬರಿ ಹೊತ್ತುಕೊಂಡು ಹೋಗುತ್ತದಾ ನಿಮ್ಮ ಸ್ಕೂಟರ್?

ಸಿದ್ಧಗಂಗಾ ರೋಡ್: ನಾನು ಹೇಳಿದ್ದು ಊರೊಳಗೆ ಓಡಾಡುವವರಿಗೆ. ಎಲ್ಲದಕ್ಕೂ ಕೊಬ್ಬರಿ ತರಬೇಡಿ.

ತಿಪಟೂರು ಕೊಬ್ಬರಿ ಗಾಡಿ: ಎಲ್ಲರೂ ಅಂದವರು ನೀವೇ, ಮೇಲೆ ಓದಿಕೊಳ್ಳಿ.

ಊರುಕೆರೆ ಆಟೋ: ಅಣ್ಣ ಸಿಎನ್‌ಜಿ ಬಗ್ಗೆ ಕೇಳಿದ್ದೆ.

ಬೆಂಗಳೂರಿಗೆ ದಿನಾ: ಅಣ್ಣ, ದಿನಾ ಕಾರಿನಲ್ಲಿ ನೆಲಮಂಗಲ ದಾಟಿ ಹೋಗಿ ಬರುತ್ತೇನೆ. ಹೈವೇನಲ್ಲಿ ಎಸಿ ಆಫ್ ಮಾಡಿ ಗ್ಲಾಸ್ ಇಳಿಸಿದರೆ ಉಳಿಯುತ್ತದಾ?

ಮೆಕ್ಯಾನಿಕ್: ಊರೊಳಗೆ ನಿಧಾನ ಹೋಗುವಾಗ ಉಳಿಯುತ್ತದೆ. ಹೈವೇ ವೇಗದಲ್ಲಿ ಗ್ಲಾಸ್ ಇಳಿಸಿದರೆ ಗಾಳಿ ಎಳೆತಕ್ಕೆ ಅದೂ ಖರ್ಚೇ. ಎಸಿ ಬಿಡಿ, ವೇಗ ನೋಡಿ. ಗಾಳಿ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಲ್ಲಿ ಇದ್ದದ್ದಕ್ಕಿಂತ 100ರಲ್ಲಿ ಒಂದೂವರೆ ಪಟ್ಟಿಗೂ ಜಾಸ್ತಿ. ದಾಬಸ್‌ಪೇಟೆವರೆಗೆ ಹಾರಿಕೊಂಡು ಹೋಗಿ ಟೋಲ್ ಕ್ಯೂನಲ್ಲಿ ನಿಲ್ಲುವುದಕ್ಕೆ ಅಷ್ಟು ಪೆಟ್ರೋಲ್ ಯಾಕೆ? ಮೇಲೆ ಕ್ಯಾರಿಯರ್ ಇದ್ದರೆ, ಖಾಲಿ ಇದ್ದಾಗ ಬಿಚ್ಚಿಡಿ.

ಕೊರಟಗೆರೆ ತೋಟ: ಅಣ್ಣ ಗಾಡಿ ಹೊರಗೆ ತಂದೆ. ಟಾರ್ಚ್ ಬಿಟ್ಟು ನೋಡಿದರೆ ನಿಲ್ಲಿಸುತ್ತಿದ್ದ ಕಡೆ ಗಾರೆ ನೆಲದಲ್ಲಿ ಕರೆ ಇದೆ. ಆಯಿಲ್ ಕಡ್ಡಿ ಮೂಸಿದೆ, ಪೆಟ್ರೋಲ್ ವಾಸನೆಯೇ. ಮನೆಯವರು ಬೈಯುತ್ತಿದ್ದಾರೆ.

ಮೆಕ್ಯಾನಿಕ್: ಬೈಯಲಿ. ನೆಲಕ್ಕೆ ಮಣ್ಣು ಅಥವಾ ಮರದ ಹೊಟ್ಟು ಹಾಕಿ, ಗುಡಿಸಿ, ಹೊರಗೆ ದೂರ ಚೆಲ್ಲಿ, ಸುಡಬೇಡಿ. ವಾಸನೆ ಪೂರ್ತಿ ಹೋಗುವವರೆಗೆ ಪಡಸಾಲೆಯಲ್ಲಿ ದೀಪ ಬೇಡ, ಸ್ವಿಚ್ ಒತ್ತಬೇಡಿ. ಹಳೆ ಆಯಿಲ್ ಬಾವಿ ಹತ್ತಿರ ಸುರಿಯಬೇಡಿ, ಡಬ್ಬದಲ್ಲಿ ಹಿಡಿದು ಮೆಕ್ಯಾನಿಕ್‌ಗೇ ಕೊಡಿ. ಸರಿಯಾದ ಮೇಲೂ ರಾತ್ರಿ ಕಾಕ್ ಆಫ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಕ್ಯಾತ್ಸಂದ್ರ: ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಸಿಡಿಯುತ್ತದಂತೆ, ತೈಲ ಕಂಪನಿಯೇ ಎಚ್ಚರಿಕೆ ಕೊಟ್ಟಿದೆ ಅಂತ ಈಗ ಬಂತು.

ಮೆಕ್ಯಾನಿಕ್: ಸುಳ್ಳು. ಕಂಪನಿಯವರೇ ಸುಳ್ಳು ಅಂದಿದ್ದಾರೆ. ನಿಮ್ಮ ಫ್ಯಾಮಿಲಿ ಗುಂಪಿನಿಂದ ಹೊರಗೆ ಬನ್ನಿ.

ಕ್ಯಾತ್ಸಂದ್ರ: ಕೇಳಿದ್ದಕ್ಕೆ ಹೀಗಾ ಮಾತಾಡುವುದು? ಗೊತ್ತಿಲ್ಲದವರು ಕೇಳಬಾರದಾ?

ಅಡ್ಮಿನ್: ಇಬ್ಬರೂ ಬಿಡಿ. ಅಣ್ಣ ಬೆಳಿಗ್ಗೆಯಿಂದ ಕೆಲಸ ಮಾಡಿ ಬಂದಿದ್ದಾರೆ.

ಶೆಟ್ಟಿಹಳ್ಳಿ ಬೈಕ್: 125 ಸಿಸಿ ಅಣ್ಣ. ಗಾಳಿ?

ಮೆಕ್ಯಾನಿಕ್: ನಾಳೆ ಗಾಡಿ ತಗೊಂಡು ಬನ್ನಿ, ನಾನೇ ಹಾಕಿ ಕೊಡುತ್ತೇನೆ. ಕೊರಟಗೆರೆಯವರು ಆಯಿಲ್ ಇಳಿಸಿದ ಮೇಲೆ ಫೋಟೋ ಹಾಕಿ. ಉಳಿದವರಿಗೆ ಇವತ್ತಿಗೆ ಇಷ್ಟೇ.

ಊರುಕೆರೆ ಆಟೋ: ಅಣ್ಣ ಸಿಎನ್‌ಜಿ?