ಸಹಾಯ ಬೇಕು: ಕನಕದಾಸರ ರಾಮಧಾನ್ಯ ಚರಿತೆಯನ್ನು ಮಕ್ಕಳಿಗೆ ಆಡಿಸಲು

ಎಲ್ಲರಿಗೂ ನಮಸ್ಕಾರ. ಕನಕ ಜಯಂತಿಗೆ ಎಂಟನೇ ತರಗತಿ ಮಕ್ಕಳಿಂದ ಒಂದು ಚಿಕ್ಕ ನಾಟಕ ಮಾಡಿಸುತ್ತಿದ್ದೇನೆ. 20 ನಿಮಿಷ ಅಷ್ಟೇ. ಪ್ರತಿ ವರ್ಷ ಉಡುಪಿಯ ಕಿಂಡಿ, ಬಾಳೆಹಣ್ಣಿನ ಕಥೆ ಇವೆರಡೇ ಆಗುತ್ತವೆ. ಅವು ಚೆನ್ನಾಗಿವೆ, ಆದರೆ ಈ ಸಲ ರಾಮಧಾನ್ಯ ಚರಿತೆ ಆಗಲೇಬೇಕು ಅಂತ ನನಗೆ ಆಸೆ.

ಕಥೆ ನಿಮಗೆ ಗೊತ್ತೇ ಇದೆ ಅಲ್ವಾ? ಧಾನ್ಯಗಳಲ್ಲಿ ಯಾವುದು ದೊಡ್ಡದು ಅಂತ ರಾಮನ ಮುಂದೆ ಮಾತು ಬರುತ್ತದೆ. ಗೌತಮ ಮುನಿ ರಾಗಿಯನ್ನು ಹೊಗಳುತ್ತಾರೆ. ಭತ್ತಕ್ಕೆ ಸಿಟ್ಟು ಬರುತ್ತದೆ, ರಾಗಿಯನ್ನು ಕೀಳು ಎಂದು ಬೈಯುತ್ತದೆ. ರಾಗಿ ಸುಮ್ನೆ ಇರುವುದಿಲ್ಲ. ನೀನು ಉಳ್ಳವರ ಕಡೆ, ಬಡವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ತಿರುಗಿ ಕೇಳುತ್ತದೆ. ರಾಮ ಎರಡನ್ನೂ 6 ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಹಾಳಾಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಸುಮಾರು 500 ವರ್ಷಗಳ ಹಿಂದೆ ಬಾಡ ಎಂಬ ಊರಿನಲ್ಲಿ ಹುಟ್ಟಿದ ಕನಕದಾಸರು ಮೇಲು ಕೀಳಿನ ಜಗಳವನ್ನು ಕಾಳುಗಳ ಬಾಯಲ್ಲಿ ಆಡಿಸಿದ್ದಾರೆ. ಓದಿದಾಗಲೆಲ್ಲ ಮೈ ಜುಂ ಎನ್ನುತ್ತದೆ.

ತೊಂದರೆ ಏನೆಂದರೆ, ಮೂಲ ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯಗಳಲ್ಲಿ, ಹಳೆಯ ಮಾತಿನಲ್ಲಿದೆ. ನರೆದಲೆಗ ಅಂದರೆ ರಾಗಿ, ವ್ರೀಹಿ ಅಂದರೆ ಭತ್ತ. ಇಷ್ಟು ಹೇಳುವಷ್ಟರಲ್ಲೇ ಮಕ್ಕಳ ಗಮನ ಬೇರೆ ಕಡೆ ಹೋಗುತ್ತದೆ. ಇಡೀ ಜಗಳವನ್ನು ಆಡುಮಾತಿಗೆ ತರಬೇಕಾ, ಅಥವಾ ಎರಡು ಮೂರು ಪದ್ಯಗಳನ್ನು ಹಾಗೇ ಉಳಿಸಿ ಹಾಡಿಸಬೇಕಾ? ನನಗೆ ಪದ್ಯ ಬಿಡಲು ಮನಸ್ಸಿಲ್ಲ. ಗಮಕ (ಕಾವ್ಯವನ್ನು ರಾಗವಾಗಿ ಓದುವ ಕಲೆ) ಬಲ್ಲವರು ಯಾರಾದರೂ ಒಂದೆರಡು ಪದ್ಯ ಹಾಡಿ ಆಡಿಯೊ ಕಳಿಸಿದರೆ ತುಂಬಾ ಉಪಕಾರ.

ಆರು ತಿಂಗಳು ಕಳೆದದ್ದನ್ನು ರಂಗದ ಮೇಲೆ ಹೇಗೆ ತೋರಿಸುವುದು ಅಂತಲೂ ತಿಳಿಸಿ. ಇದನ್ನು ಮೊದಲೇ ಆಡಿಸಿದವರಿದ್ದರೆ ದಯವಿಟ್ಟು ಬರೆಯಿರಿ.